ನಾಳೆ ಬಾ ತಂಗಿ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಟೈಲರಣ್ಣನ ಬಲಗಿವಿ ಸದಾ ನೀಲಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯನ್ನು ಅಲ್ಲೇ ಸಿಕ್ಕಿಸಿಕೊಂಡಿರುತ್ತಿದ್ದರು. ಸಿಟ್ಟು ಬಂದರೆ ಕಿವಿ ಉಜ್ಜಿಕೊಳ್ಳುವರು, ಆಗ ಕೆನ್ನೆಯೂ ನೀಲಿಯಾಗುವುದು.

ಸಿಟ್ಟು ಬರಿಸುತ್ತಿದ್ದವಳು ಹೆಚ್ಚಾಗಿ ನಾನೇ. ಕೊಟ್ಟ ರವಿಕೆ ಹೇಳಿದ ದಿನಕ್ಕೆ ಸಿಕ್ಕಿದ್ದೇ ಇಲ್ಲ. ‘ನಾಳೆ ಬಾ ತಂಗಿ’ ಅನ್ನುವುದೊಂದೇ ಮಂತ್ರ. ನನ್ನ ಮದುವೆ ರವಿಕೆಯನ್ನೂ ಅರಿಶಿನ ಹಚ್ಚುವ ಹೊತ್ತಿಗೆ ತಂದುಕೊಟ್ಟ ಪುಣ್ಯಾತ್ಮ. ‘ದೆವ್ವ ಓಡ್ಸಾಕೆ ಬಾಗಿಲ ಮೇಲೆ ಬರಿಯೋ ಮಾತನ್ನ ಗಿರಾಕಿಗೆ ಹೇಳ್ತೀರಲ್ಲಣ್ಣ’ ಎಂದು ಕೂಗಾಡಿದರೆ, ‘ಅವಸರ ಇದ್ರೆ ರೆಡಿಮೇಡ್ ಐತಲ್ಲ, ಹೋಗಿ ತಗಾ’ ಅನ್ನುವರು. ಅವರು ಹೊಲಿದದ್ದನ್ನು ತೊಟ್ಟ ಮೇಲೆ ನನ್ನ ಬಾಯಿ ತಾನಾಗಿ ಮುಚ್ಚುತ್ತಿತ್ತು.

ಆಮೇಲೆ ನಾನು ತುರುವನೂರಿನ ಶಾಲೆಗೆ ಟೀಚರಾಗಿ ಹೋದೆ. ಈಚೆಗೆ ವರ್ಗವಾಗಿ ಊರಿಗೆ ಬಂದು, ಗೌರಿ ಹಬ್ಬ ಹತ್ತಿರವಿದ್ದಾಗ ರವಿಕೆ ಬಟ್ಟೆ ಹಿಡಿದು ಅವರ ಅಂಗಡಿಗೆ ಹೋದರೆ, ಗೋಡೆಯ ಸರಳಿನಲ್ಲಿ ಒಂದು ಬಟ್ಟೆಯೂ ತೂಗುತ್ತಿರಲಿಲ್ಲ. ಊರೆಲ್ಲ ನಿಜವಾಗಿಯೂ ರೆಡಿಮೇಡಿಗೆ ಹೋಗಿತ್ತು. ಗಿರಾಕಿ ಕಂಡರೆ ತಲೆಯನ್ನೇ ಎತ್ತದ ಮನುಷ್ಯ ಎದ್ದು ಬಾಗಿಲಿಗೆ ಬಂದರು. ಕಿವಿಯಲ್ಲಿ ನೀಲಿ ಇರಲಿಲ್ಲ.

‘ಬರ್ರಿ ಮೇಡಂ, ಕುಂತ್ಕಳ್ರಿ. ಈಗ್ಲೇ ಹೊಲ್ದು ಕೊಡ್ತೀನಿ.’

ತಂಗಿಯಾಗಿದ್ದವಳು ಮೇಡಂ ಆದೆನಲ್ಲ ಎನ್ನುವುದಕ್ಕಿಂತ ಆ ‘ಈಗ್ಲೇ’ ಕೇಳಿ ಸಂಕಟವಾಯಿತು. ಟೈಲರ್ ಬಾಯಲ್ಲಿ ‘ಈಗ್ಲೇ’ ಬಂತೆಂದರೆ ಅವರ ಮನೆಯ ಒಲೆ ತಣ್ಣಗಿದೆ ಎಂದೇ ಅರ್ಥ. ಅಳು ಬಂತು. ಅತ್ತರೆ ಅವರ ಮಾನ ಹೋದೀತು ಅಂತ ಜಗಳ ತೆಗೆದೆ.

‘ಏನಣ್ಣ, ನಾನಿಲ್ದಾಗ ಹೊಲಿಗೆ ಮರೆತ್ರಾ? ಗಳಿಗೇಲಿ ಹೊಲಿಯೋ ರವಿಕೆ ನನಗೆ ಬ್ಯಾಡ. ನಿಧಾನಕ್ಕೆ ಹೊಲೀರಿ.’

ಅವರು ನನ್ನ ಮುಖ ನೋಡಿದರು. ಕೈ ಕಿವಿಗೆ ಹೋಯಿತು.

‘ಕೆಲ್ಸ ಭಾಳ ಐತೆ ತಂಗಿ’ ಎಂದರು, ಆ ಖಾಲಿ ಸರಳಿನ ಕೆಳಗೇ ನಿಂತು. ‘ನಾಳೆ ಬಾ.’

ಮರುದಿನ ಹೋದೆ, ಅದರ ಮರುದಿನವೂ ಹೋದೆ. ಬೀದಿಗೆಲ್ಲ ಕೇಳುವ ಹಾಗೆ ಬೈದು ಬರುತ್ತಿದ್ದೆ, ಅವರೂ ಬಿಡದೆ ಬೈಯುತ್ತಿದ್ದರು. ಕಿವಿ ಮತ್ತೆ ನೀಲಿಯಾಗಿತ್ತು. ನಮ್ಮ ಗಲಾಟೆ ಕೇಳಿ ಎದುರು ಮನೆಯಾಕೆ, ಇವರಿಗೆ ಇನ್ನೂ ಇಷ್ಟು ಗಿರಾಕಿ ಇದೆಯಾ ಎಂದು ತಾನೂ ಒಂದು ಲಂಗ ಹೊಲಿಯಲು ಕೊಟ್ಟಳು.

ಹಬ್ಬದ ಹಿಂದಿನ ದಿನ ಹೋದಾಗ ಅಂಗಡಿ ಮುಂದೆ ಜನ ಸೇರಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವರು ಹಾಗೇ ಹೋಗಿಬಿಟ್ಟಿದ್ದರು. ಮಲಗಿಸಿದ್ದವರ ಬಲಗಿವಿಯ ನೀಲಿಯನ್ನು ಇನ್ನೂ ಯಾರೂ ಒರೆಸಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನ ಬಟ್ಟೆಯನ್ನು ಮನೆಗೇ ತಂದುಕೊಟ್ಟರು. ನೀಲಿ ಗೆರೆ ಎಳೆದಿತ್ತು, ಕತ್ತರಿ ಹಾಕಿರಲಿಲ್ಲ.

‘ಎಂದೋ ಹೊಲೀಬೋದಿತ್ತು ಕಣವ್ವ’ ಎಂದರು. ‘ಕೊಟ್ಟುಬಿಟ್ರೆ ಅವಳು ನಾಳೆ ಬರಾಕಿಲ್ಲ ಅಂತಿದ್ರು.’

ಆ ಬಟ್ಟೆ ನನ್ನ ಬೀರುವಿನಲ್ಲಿದೆ. ಹೊಲಿಸಿಲ್ಲ, ಒಗೆದೂ ಇಲ್ಲ.