ಆಂಥೂರಿಯಂ ಬುಡಕ್ಕೆ ನೀರು ಬಾರದ ಬೇಸಿಗೆ

ಅಕ್ಕ, ನಿಮ್ಮ ಆಂಥೂರಿಯಂ ಗಿಡಗಳನ್ನು ಒಣಗಿಸಿದ್ದು ಬಚ್ಚಲ ನೀರಲ್ಲ — ನಾನು.

ಮೂಡಿಗೆರೆಯ ಆ ಎಸ್ಟೇಟ್ ಮನೆಗೆ ನಾನು ಕಿರಿಯ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಹಿರಿಯ ಸೊಸೆ ನೀವು, ಹಿತ್ತಲಲ್ಲಿ ಹಸಿರು ನೆರಳುಪರದೆ ಕಟ್ಟಿ ಹೂ ಬೆಳೆಸುತ್ತಿದ್ದಿರಿ. ಬೇಸಿಗೆಯಲ್ಲಿ ಕೆರೆಯ ನೀರೆಲ್ಲ ಕಾಫಿಗೇ ಬೇಕು. ಅದಕ್ಕೇ ಬಚ್ಚಲಿನ, ಅಡುಗೆಮನೆಯ ನೀರನ್ನು ಮರಳು, ಇದ್ದಿಲಿನ ತೊಟ್ಟಿಯಲ್ಲಿ ಸೋಸಿ ಹನಿ ನೀರಾವರಿಯ ಪೈಪಿಗೆ ಬಿಟ್ಟಿರಿ. ಆ ಪರದೆಯೊಳಗೆ ಕೂತರೆ — ಬೆಳಕೇ ಹಸಿರು, ಸುತ್ತ ತಟಕ್ಕು ತಟಕ್ಕೆನ್ನುವ ಹನಿಗಳು — ನಾನು ಯಾರ ಮನೆಯ ಸೊಸೆ ಎಂಬುದೂ ಮರೆತುಹೋಗುತ್ತಿತ್ತು.

ನನಗೆ ನೀವು ಕೊಟ್ಟಿದ್ದು ಒಂದೇ ಕೆಲಸ: ತೊಟ್ಟಿಯಿಂದ ಪೈಪಿಗೆ ನೀರಿಳಿಯುವಲ್ಲಿದ್ದ ಜಾಲರಿಯನ್ನು ತೊಳೆಯುವುದು. ಎಲ್ಲರೂ ಮಿಂದ ನೀರಿನ ಲೋಳೆ ಅದಕ್ಕೆ ಕಟ್ಟುತ್ತಿತ್ತು. ಅದನ್ನು ಮುಟ್ಟಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಅದನ್ನು ಕಿತ್ತು ಕಾಫಿ ಗಿಡಗಳ ನಡುವೆ ಎಸೆದುಬಿಟ್ಟೆ. ನೀರು ಮೊದಲಿಗಿಂತ ಸರಾಗವಾಗಿಯೇ ಹರಿಯಿತು. ನನಗೆ ಹಾಯೆನಿಸಿತು.

ಆಮೇಲೆ, ಜಾಲರಿ ತಡೆಯದ ಲೋಳೆ ಪೈಪಿನ ತೂತುಗಳಿಗೇ ಕಟ್ಟಿಕೊಂಡು, ಕೊನೆಯ ಸಾಲಿನಲ್ಲಿ ಹನಿ ನಿಂತಿತು. ನಿಧಾನಕ್ಕೆ ಉಳಿದ ಸಾಲುಗಳಲ್ಲೂ.

"ಜಾಲರಿ ತೊಳೀತಿದ್ದೀಯ ತಾನೇ?"

"ಹೂಂ ಅಕ್ಕ, ತಪ್ಪದೇ ತೊಳೀತೀನಿ."

ನೀವು ನಂಬಿದಿರಿ, ತೊಟ್ಟಿಯ ಮುಚ್ಚಳ ಎತ್ತಿಯೂ ನೋಡಲಿಲ್ಲ. ಸೂಜಿ ಹಿಡಿದು ಒಂದೊಂದೇ ತೂತು ಬಿಡಿಸಿದಿರಿ. ಬಿಡಿಸಿದ್ದು ಮತ್ತೆ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಪೈಪಿಗೆ ಬಾಯಿಟ್ಟು ಊದಿದಿರಿ. ನಾನು ಬೆರಳಲ್ಲಿ ಮುಟ್ಟಲಾರದ ಆ ಲೋಳೆ ನಿಮ್ಮ ತುಟಿಗೆ ಮೆತ್ತಿತ್ತು. ಪಕ್ಕದಲ್ಲೇ ನಿಂತಿದ್ದೆ, ಅಕ್ಕ. ಆಗಲಾದರೂ —

ಎಲೆಗಳು ಅಂಚಿನಿಂದ ಸುಟ್ಟಂತೆ ಒಣಗುತ್ತಾ ಬಂದವು. ಅತ್ತೆ ನೆಂಟರ ಮುಂದೆ ನಕ್ಕರು: "ಬಚ್ಚಲ ನೀರಲ್ಲಿ ಹೂ ಬೆಳೀತೀನಿ ಅಂತ ಹೊರಟಿದ್ಲು ಮಾರಾಯ್ರೆ!" ನೀವೂ ನಕ್ಕಿರಿ. "ನಂದೇ ತಪ್ಪು ಬಿಡಿ, ಆ ನೀರು ಆಗೋದಲ್ಲ" ಎಂದಿರಿ. ಪೈಪು ಸುತ್ತಿ ಅಟ್ಟಕ್ಕೆ ಹಾಕಿದಿರಿ. ಆಮೇಲೆ ನೀವು ಯಾವುದನ್ನಾದರೂ ಹೊಸದಾಗಿ ಮಾಡಹೊರಟಿದ್ದನ್ನು ನಾನು ಕಾಣಲಿಲ್ಲ.

ಮೊನ್ನೆ ನಿಮ್ಮ ಮಗಳು ಪಾತ್ರೆ ತೊಳೆದ ನೀರನ್ನು ಗುಲಾಬಿಗೆ ತಿರುಗಿಸುವ ಮಾತೆತ್ತಿದಳು. ನೀವೇ ತಡೆದಿರಿ: "ಬೇಡ ಕಣೇ, ನಾ ಮಾಡಿ ಕೆಟ್ಟಿದ್ದೀನಿ." ನನ್ನ ಸುಳ್ಳನ್ನು ನೀವು ನಿಮ್ಮ ಅನುಭವವೆಂದು ಅವಳಿಗೆ ದಾಟಿಸುತ್ತಿದ್ದಿರಿ. ನಾನು ಅನ್ನ ಬಡಿಸುತ್ತಲೇ ಇದ್ದೆ.

ನಾಳೆ ಎಲ್ಲರೂ ಊಟಕ್ಕೆ ಕೂತಿರುವಾಗ, ಅವಳ ಎದುರಿಗೇ ಹೇಳುತ್ತೇನೆ. ನೀವು ಎದ್ದು ಹೋದರೂ, ಹೇಳಿ ಮುಗಿಸುತ್ತೇನೆ.