ಹಲಗೆ ತೆಗೆದಾಗಿದೆ

ರಾಮಕುಂಜದಿಂದ ಒಳಗೆ, ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು ಇದೆ. ಮಳೆಗಾಲ ಮುಗಿದು ನೀರು ಸಣ್ಣಗಾದಾಗ ಅದರ ಕಿಂಡಿಗಳಿಗೆ ಮರದ ಹಲಗೆ ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸುತ್ತೇವೆ. ಬೇಸಗೆಯಲ್ಲಿ ಜೋರು ಮಳೆಯ ಲಕ್ಷಣ ಕಂಡರೆ ಹಲಗೆ ತೆಗೆದುಬಿಡಬೇಕು. ಇಲ್ಲದಿದ್ದರೆ ಮೇಲಿನಿಂದ ಬಂದ ನೀರಿಗೆ ದಾರಿ ಸಾಲದೆ ಅದು ದಡ ಹತ್ತುತ್ತದೆ. ಆ ದಡದ ತಗ್ಗಿನಲ್ಲೇ, ನೆರಳಿಗೆ ಕಟ್ಟಿದ ಹಸಿರು ನೆಟ್ಟಿನ ಅಡಿಯಲ್ಲಿ, ನನ್ನ ಕಾಳುಮೆಣಸಿನ ಸಸಿಗಳಿದ್ದವು. ನೀರು ಹೊರುವುದು ತಪ್ಪಲಿ ಎಂದು ಅಲ್ಲಿ ಇಟ್ಟಿದ್ದೆ.

ಹಲಗೆ ಹಾಕಿಸುವುದು, ತೆಗೆಸುವುದು ಪಕ್ಕದ ಮನೆಯ ಅಕ್ಕನ ಜವಾಬ್ದಾರಿ. ಒಡಹುಟ್ಟಿದ ಅಕ್ಕ ಅಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಮೊದಲು ಮಾತಾಡಿಸಿದವರು. ಅಣೆಕಟ್ಟು ಇರುವುದು ಅವರ ಜಾಗದ ಬುಡದಲ್ಲಿ, ಅವರ ಪಂಪು ನೀರು ಎಳೆಯುವುದೂ ಅಲ್ಲಿಂದಲೇ. ನನ್ನ ನರ್ಸರಿ ಶುರುವಾದದ್ದೂ ಅವರಿಂದ. ತಮ್ಮ ಬಳ್ಳಿಯ ಕುಡಿ ಕತ್ತರಿಸಿ ಕೊಟ್ಟು, "ನಿನಗೆ ಅಂತ ನಾಲ್ಕು ಕಾಸು ಇರ್ಲಿ. ಎಲ್ಲದಕ್ಕೂ ಗಂಡನ ಕಿಸೆ ನೋಡುದು ಬೇಡ" ಎಂದಿದ್ದರು. ಸಸಿ ಚಿಗುರಿದರೆ, "ನನ್ನ ಮೊಮ್ಮಕ್ಕಳು ಹೇಗಿದ್ದಾರೆ?" ಎಂದು ವಿಚಾರಿಸುತ್ತಿದ್ದರು.

ಹೋದ ವರ್ಷ ಏಪ್ರಿಲಿನಲ್ಲಿ, ಬಿಸು ಹಬ್ಬ ಕಳೆದು ಸ್ವಲ್ಪ ದಿನ ಆಗಿತ್ತು. ಬೆಳಿಗ್ಗೆಯೇ ಮೊಬೈಲಿಗೆ ಮಳೆಯ ಎಚ್ಚರಿಕೆ ಬಂತು. ಹವಾಮಾನದವರು ಮಳೆ ಎಂದ ದಿನ ಧೈರ್ಯವಾಗಿ ಹಪ್ಪಳ ಒಣಗಿಸಬಹುದು ಎಂದು ನಮ್ಮಲ್ಲಿ ತಮಾಷೆ. ಆದರೆ ಮಧ್ಯಾಹ್ನ ಸುಬ್ರಹ್ಮಣ್ಯದ ಕಡೆ ಆಕಾಶ ಕಪ್ಪಾದದ್ದು ನೋಡಿ ನನಗೆ ತಮಾಷೆ ಮರೆತುಹೋಯಿತು. ಗಂಡ ತಳ್ಳುಗಾಡಿ ಹೊರಗೆ ತಂದು, "ಸಸಿ ಎಲ್ಲ ಅಂಗಳಕ್ಕೆ ತರುವನಾ?" ಎಂದರು. ನಾನು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಹಲಗೆ ತೆಗ್ದಾಗಿದೆಯಾ?"

"ತೆಗ್ದಾಗಿದೆ ಮಾರಾಯ್ತಿ. ನೀನೆಂತ ಇಷ್ಟು ಹೆದರುದು?"

ಗಾಡಿ ಒಳಗಿಡಿ ಎಂದೆ. "ಒಮ್ಮೆ ಹೋಗಿ ನೋಡಿ ಬರ್ಲಾ?" ಎಂದು ಗಂಡ ಕೇಳಿದಾಗ ನನಗೆ ಸಿಟ್ಟೇ ಬಂತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆ ಹೊರಗಿನವರಿಗೆ. ಅಕ್ಕ ಹೇಳಿದ ಮೇಲೆ ನೋಡುವುದೇನು?

ಮಳೆ ಸುರಿದದ್ದು ಒಂದೇ ಹದದಲ್ಲಿ, ಸಂಜೆಯವರೆಗೆ. ತೋಡು ಕೆಂಪಾಗಿ ದಡ ಹತ್ತಿದ್ದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ಇಬ್ಬರೂ ಓಡಿದೆವು. ನೆಟ್ಟಿನ ಅಡಿ ಮೊಣಕಾಲಿನವರೆಗೆ ನೀರು. ಸಸಿ ನೆಟ್ಟ ಪ್ಲಾಸ್ಟಿಕ್ ತೊಟ್ಟೆಗಳು ಮಗುಚಿ, ಮಣ್ಣು ಕರಗಿ, ಸಸಿಗಳು ಬರೀ ಬೇರಿನೊಂದಿಗೆ ಹೋಗುತ್ತಿದ್ದವು. ಕೈಗೆ ಸಿಕ್ಕಿದಷ್ಟನ್ನು ಎದೆಗೆ ಒತ್ತಿಕೊಂಡು ಮೇಲೆ ತಂದೆ. ಅವು ಬದುಕುವುದಿಲ್ಲ ಎಂದು ತರುವಾಗಲೇ ಗೊತ್ತಿತ್ತು.

ಅಣೆಕಟ್ಟಿನ ಹತ್ತಿರ ಹೋಗಿದ್ದ ಗಂಡ ತಿರುಗಿ ಬಂದು, "ಹಲಗೆ ಉಂಟು. ಸೋಗೆ, ಕಸ ಎಲ್ಲ ಅದಕ್ಕೇ ಸಿಕ್ಕಿ ಕೂತಿದೆ. ಈಗ ಎಳೆದ್ರೆ ಬರುದಿಲ್ಲ" ಎಂದರು. ನೀರಿನ ಒತ್ತಡ ಬಿದ್ದ ಮೇಲೆ ಹಲಗೆ ಆನೆ ಎಳೆದರೂ ಅಲುಗುವುದಿಲ್ಲ.

ಮರುದಿನ ಅಕ್ಕನ ಜಗಲಿಯಲ್ಲಿ ನಿಂತು ಕೇಳಿದೆ. ಅವರು ಕೈಯಲ್ಲಿದ್ದ ಬಸಳೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ನಾನು ಸುಳ್ಳು ಹೇಳಿದ್ದಾ? ಮೇಲಿನ ಎರಡು ತೆಗೆಸಿದ್ದೆ. ಎಲ್ಲ ತೆಗ್ದಾಗಿದೆಯಾ ಅಂತ ನೀನು ಕೇಳ್ಲಿಲ್ಲಲ್ಲ." ಒಂದು ದಂಟು ಮುರಿದು, "ಮಳೆ ಬಾರದಿದ್ರೆ? ಇದ್ದ ನೀರೂ ಬಿಟ್ಟು ನಾನೆಂತ ಮಾಡುದು?" ಎಂದರು.

ನಿಜ, ಹಲಗೆ ಎಂದರೆ ನಮ್ಮ ಬಾಯಲ್ಲಿ ಎರಡಿದ್ದರೂ ಹಲಗೆ, ಹತ್ತಿದ್ದರೂ ಹಲಗೆ. ನೀರಿನ ಆಸೆಯೂ ನನಗೆ ಅರ್ಥವಾಗುತ್ತದೆ. ಆ ಬೇಸಗೆ ನಮ್ಮ ಬಾವಿಯೂ ತಳ ಕಂಡಿತ್ತು. "ಕೆಳಗಿನದ್ದು ತೆಗೆಸಲಿಲ್ಲ, ನೀನು ಸಸಿ ಮೇಲೆ ತಂದಿಡು" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಧ್ಯಾಹ್ನವಿಡೀ ನಮ್ಮ ಕೈಯಲ್ಲಿತ್ತು, ಗಾಡಿಯೂ ಅಂಗಳದಲ್ಲಿತ್ತು. ಬೇರೆ ಯಾರಾದರೂ ಸುಳ್ಳು ಹೇಳಿದ್ದರೆ ಬೈದು ಮರೆತುಬಿಡುತ್ತಿದ್ದೆ. ಅಕ್ಕ ಸುಳ್ಳು ಹೇಳಲಿಲ್ಲ, ಮಾತನ್ನು ಅಳೆದು ತೂಗಿ ಹೇಳಿದರು. ನಾನು ಎರಡನೇ ಸಲ ಕೇಳುವವಳಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ನಂಬಿಕೆಯೇ ಅವರಿಗೆ ಅನುಕೂಲಕ್ಕೆ ಬಂತು. ಅದು ನನ್ನನ್ನು ಸಸಿ ಹೋದದ್ದಕ್ಕಿಂತ ಹೆಚ್ಚು ಸುಟ್ಟಿತು.

ಅಂದಿನಿಂದ ನಾನು "ಎಲ್ಲ" ಸೇರಿಸದೆ ಏನನ್ನೂ ಕೇಳುವುದಿಲ್ಲ. "ಬಾಗಿಲು ಎಲ್ಲ ಹಾಕಿದ್ದೀರಾ?" ಎಂದರೆ, ನಮ್ಮ ಮನೆಗಿರುವುದು ಎರಡೇ ಬಾಗಿಲು ಎಂದು ಗಂಡ ನಗುತ್ತಾರೆ.

ಈ ವರ್ಷ ಕುಡಿ ಕತ್ತರಿಸುವ ಕಾಲಕ್ಕೆ ಅಕ್ಕನೇ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಅದೇ ಬಳ್ಳಿಯ ಕುಡಿಗಳ ಕಟ್ಟು, ಒದ್ದೆ ಗೋಣಿಯಲ್ಲಿ ಸುತ್ತಿದ್ದು. ತೆಗೆದುಕೊಂಡೆ. ಕುಳ್ಳಿರಿಸಿ ಚಹಾ ಕೊಟ್ಟೆ. ಲೋಟ ಕೆಳಗಿಡುತ್ತಾ ಮೆಲ್ಲ ಕೇಳಿದರು:

"ನಿನ್ನ ಸಿಟ್ಟು ಹೋಯ್ತಾ?"

"ಹೋಯ್ತು ಅಕ್ಕ" ಎಂದೆ.

ಅವರ ಮುಖ ಅರಳಿತು. ಎಲ್ಲ ಹೋಯ್ತಾ ಎಂದು ಅವರು ಕೇಳಲಿಲ್ಲ.