ಮಾನೇಸರ್ ಸರ್ವರ್‌ಗೆ ನಾನೇ ಹಾಕಿದ ಬೀಗ

ನನಗೆ ಚಿಕ್ಕಂದಿನಿಂದ ಒಂದು ಕೆಟ್ಟ ಚಾಳಿ. ಮುಚ್ಚಿಟ್ಟದ್ದು ಏನೇ ಇರಲಿ, ತೆರೆದು ನೋಡದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ದೆಹಲಿಯಲ್ಲಿ ನಮ್ಮದು ಹೋಟೆಲ್. ಉಡುಪಿ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು, ಈಗ ಅಪ್ಪ ನಡೆಸುತ್ತಾರೆ. ಸಾಂಬಾರಿನ ಮಸಾಲೆ ಹುರಿಯುವ ಹೊತ್ತಿಗೆ ನಮ್ಮ ಹಿರಿಯ ಅಡುಗೆಯವರು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಅಳತೆ ಯಾರಿಗೂ ಗೊತ್ತಾಗಬಾರದು, ಮಾಲೀಕರ ಮಗಳಿಗೂ. ನಾನು ಕಿಟಕಿಯ ಸಂದಿಯಲ್ಲಿ ಇಣುಕಿ ಬೈಸಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ.

ಒಂದು ದಿನ ಹೋಟೆಲಿನ ಹಳೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿಗೆ ಬಂದ ಭಯ್ಯಾ ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿ, "ಇದು ಪುಕ್ಕಟೆ, ದೀದಿ. ಒಳಗೆ ಏನೇನಿದೆ ಅಂತ ಯಾರು ಬೇಕಾದರೂ ನೋಡಬಹುದು" ಎಂದು ಹಿಂದಿಯಲ್ಲಿ ಹೇಳಿ ಹೋದ. ಯಾರು ಬೇಕಾದರೂ! ಅಂದು ಮಧ್ಯಾಹ್ನವೇ ಕುಳಿತೆ. ಒಂದೊಂದು ಏರ್ಪಾಡೂ ಓದಬಹುದಾದ ಅಕ್ಷರಗಳ ಫೈಲು. ನಡುನಡುವೆ ಎಂದೂ ನೋಡದ ಯಾರೋ ಪುಣ್ಯಾತ್ಮರು ಬರೆದಿಟ್ಟ ಟಿಪ್ಪಣಿ: ಈ ಸಾಲು ಏಕಿದೆ, ಬದಲಿಸಿದರೆ ಏನಾಗುತ್ತದೆ. ನನಗೆ ಹುಚ್ಚು ಹಿಡಿಯಿತು ಎಂದರೆ ಅತಿಶಯವಲ್ಲ. ಒಂದು ವರ್ಷ ಸಂಜೆ ಕ್ಲಾಸಿಗೆ ಹೋಗಿ ಕಲಿತೆ. ಆಮೇಲೆ ನೋಯ್ಡಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೇರೆ ಬೇರೆ ಕಾರ್ಖಾನೆಗಳ ಸರ್ವರ್‌ಗಳನ್ನು ನಮ್ಮ ಕುರ್ಚಿಯಿಂದಲೇ ನೋಡಿಕೊಳ್ಳುವುದು. ಆದರೆ ಖಾಯಂ ಅಲ್ಲ, ಮೂರು ತಿಂಗಳು ನೋಡುತ್ತೇವೆ ಎಂದರು.

ಅಪ್ಪನಿಗೆ ಇದು ತಲೆಬುಡ ತಿಳಿಯದ ಕೆಲಸ. "ಎಂತ ಮಾರಾಯ್ತಿ ಇದು, ಕಾಣದ ಮಿಷಿನಿಗೆ ಕಾವಲು ಕೂರುವುದಾ? ಮೂರು ತಿಂಗಳು ನೋಡು. ಅವರು ಬೇಡ ಅಂದರೆ ಮತ್ತೆ ಮಾತಿಲ್ಲ, ಹೋಟೆಲಿಗೆ ಬಂದು ಕೂರಬೇಕು" ಎಂದರು. ಮೂವತ್ತೆರಡು ದಾಟಿದ್ದ ನಾನು ಆಯಿತು ಎಂದು ಮಾತು ಕೊಟ್ಟೆ.

ನನಗೆ ಕೆಲಸ ಕಲಿಸಿದವರು ಮೈಸೂರು ಕಡೆಯ ಹಿರಿಯರು. ಮಾತು ಕಮ್ಮಿ, ಕಾಫಿ ಜಾಸ್ತಿ. ಮೊದಲ ವಾರವೇ ಒಂದು ಪದ್ಧತಿ ಹೇಳಿಕೊಟ್ಟಿದ್ದರು. ಸರ್ವರ್‌ನ ಬಾಗಿಲು ಕಾಯುವುದು ಫೈರ್‌ವಾಲ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ನಿಯಮಗಳ ಪಟ್ಟಿ. ದೂರದಲ್ಲಿ ಕುಳಿತು ಅದನ್ನು ಮುಟ್ಟುವ ಮೊದಲು, ಹತ್ತು ನಿಮಿಷದ ನಂತರ ಹಳೆಯ ಪಟ್ಟಿ ತಾನಾಗಿಯೇ ಮರಳಿ ಬರುವಂತೆ ಒಂದು ಆದೇಶ ಕಟ್ಟಿಡಬೇಕು. ಎಡವಟ್ಟಾಗಿ ನಾವೇ ಹೊರಗುಳಿದರೂ ಹತ್ತು ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. "ನೋಡಮ್ಮ, ಇದನ್ನ ಮಾಡೋಕೆ ಅರ್ಧ ನಿಮಿಷ ಸಾಕು. ಮಾಡದೆ ಹೋದ್ರೆ ಅರ್ಧ ದಿನ ಹಾಳು" ಎಂದಿದ್ದರು.

ಹನ್ನೊಂದು ವಾರ ತಪ್ಪದೆ ಮಾಡಿದೆ. ಹನ್ನೆರಡನೆಯ ವಾರ, ಒಂದು ಬೆಳಿಗ್ಗೆ, ಮಾನೇಸರ್‌ನ ಬಿಡಿಭಾಗಗಳ ಕಾರ್ಖಾನೆಯ ಸರ್ವರ್‌ಗೆ ಹೊಸ ನಿಯಮ ಹಾಕಬೇಕಿತ್ತು. ಎರಡೇ ಸಾಲು. ಇಷ್ಟಕ್ಕೆ ಆ ಶಾಸ್ತ್ರ ಬೇರೆ ಯಾಕೆ ಎನಿಸಿತು. ನೋಡಿ, ಕೊಬ್ಬು ಅಂದರೆ ಇದೇ. "ಹೊರಗಿನವರು ಯಾರೂ ಬೇಡ" ಎಂಬ ಸಾಲನ್ನು ಮೊದಲು ಹಾಕಿ ಎಂಟರ್ ಒತ್ತಿದೆ. "ನಮ್ಮವರನ್ನು ಬಿಡು" ಎಂಬುದು ಎರಡನೆಯ ಸಾಲು. ಅದನ್ನು ಹಾಕಲು ನೋಡುತ್ತೇನೆ, ಪರದೆ ಅಲ್ಲಾಡುತ್ತಿಲ್ಲ. ಸರ್ವರ್‌ನ ಲೆಕ್ಕದಲ್ಲಿ ನಾನೂ ಹೊರಗಿನವಳೇ ತಾನೆ! ಕಾರ್ಖಾನೆಯ ಬೇರೆ ಯಂತ್ರಗಳೂ ಹೊರಗಿನವೇ. ಐದು ನಿಮಿಷದಲ್ಲಿ ಕಾರ್ಖಾನೆಯಿಂದ ಫೋನ್ ಬಂತು: ಪೆಟ್ಟಿಗೆಗಳ ಲೇಬಲ್ ಮುದ್ರಣವಾಗುತ್ತಿಲ್ಲ, ಲಾರಿಗಳು ನಿಂತಿವೆ.

ಹಿರಿಯರು ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದ್ದರು. ಫೋನಿನಲ್ಲಿ "ಸರ್, ಮಾನೇಸರ್ ಸರ್ವರ್ ಸಿಗ್ತಾ ಇಲ್ಲ" ಎಂದಷ್ಟೇ ಹೇಳಿದೆ. ಏಕೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವರೂ ಕೇಳಲಿಲ್ಲ. "ಚಲೋ, ಹೋಗಿ ಎದುರು ಕೂತು ನೋಡು. ಸರಿ ಮಾಡಿ, ಏನಾಗಿತ್ತು ಅಂತ ವರದಿ ಕಳಿಸು" ಎಂದರು. ಮೆಟ್ರೊ ಹಿಡಿದು ಗುರುಗ್ರಾಮ, ಅಲ್ಲಿಂದ ಕ್ಯಾಬ್. ಎರಡೂವರೆ ಗಂಟೆ ನನ್ನನ್ನು ನಾನೇ ಬೈದುಕೊಂಡೆ.

ಸರ್ವರ್ ಕೋಣೆಯಲ್ಲಿ ಯಂತ್ರದ ಎದುರೇ ಕುಳಿತರೆ ಕೆಲಸ ಎರಡು ನಿಮಿಷದ್ದು. ಲೇಬಲ್‌ಗಳು ಬರತೊಡಗಿದವು. ಅಲ್ಲಿನ ಸೂಪರ್‌ವೈಸರ್ ಇಣುಕಿ, "ಬೆಳಿಗ್ಗೆ ಲೈಟ್ ಹೋಗಿ ಬಂದಿತ್ತು ಮೇಡಂ, ಅದರದ್ದೇ ಕಿತಾಪತಿ ಅಲ್ವಾ?" ಎಂದು ಹಿಂದಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಲಾರಿಗಳತ್ತ ಓಡಿದ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನನಗದು ತಾನಾಗಿಯೇ ಕಾಲಬುಡಕ್ಕೆ ಬಂದು ಬಿದ್ದಿತ್ತು.

ಸರ್ವರ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ತೆರೆದೆ. ನನ್ನ ಹೆಸರು, ಹೊತ್ತು, ಒತ್ತಿದ ಆದೇಶ, ಎಲ್ಲವೂ ಒಂದೇ ಸಾಲಿನಲ್ಲಿತ್ತು. ಆ ಹೊತ್ತಿಗೆ ನಾನು ಒಳಗಿದ್ದದ್ದು ರೂಟ್ ಆಗಿ, ಅಂದರೆ ಯಂತ್ರದಲ್ಲಿ ಯಾವ ಕಟ್ಟುಪಾಡೂ ಇಲ್ಲದ ಒಡತಿಯಾಗಿ. ಆ ಒಂದು ಸಾಲು ಅಳಿಸಿ, ವರದಿಯಲ್ಲಿ ಕರೆಂಟ್ ಎಂದು ಬರೆದರೆ ಕೇಳುವವರಿಲ್ಲ. ಕೆಲಸ ಖಾಯಂ. ನಿಜ ಹೇಳುತ್ತೇನೆ, ಕರ್ಸರ್ ಆ ಸಾಲಿನ ಮೇಲೆ ತಂದು ನಿಲ್ಲಿಸಿದ್ದೆ.

ತಡೆದದ್ದು ಸತ್ಯಸಂಧತೆ ಎಂದು ಕೊಚ್ಚಿಕೊಳ್ಳಲಾರೆ. ತಡೆದದ್ದು ನನ್ನ ಹಳೆಯ ಚಾಳಿ. ಆ ಸಾಲಿನ ಕೆಳಗೆ ಏನಿದೆ ನೋಡೋಣ ಎನಿಸಿತು. ನಾನು ಹೊರಗೆ ಬಿದ್ದ ಮೇಲೆ ಒಳಗೆ ಏನೇನಾಯಿತು? ಮುಚ್ಚಿದ ಬಾಗಿಲನ್ನು ಮೊದಲು ತಟ್ಟಿದ್ದು ಲೇಬಲ್ ಯಂತ್ರ, ಆಮೇಲೆ ಗೋದಾಮಿನ ಕಂಪ್ಯೂಟರ್, ನಡುವೆ ಮತ್ತೆ ಒಳಹೋಗಲು ಹೆಣಗಿ ಹನ್ನೊಂದು ಸಲ ನಾನೇ. ಓದುತ್ತಾ ಹೋದ ಹಾಗೆ ಭಯ ಎಲ್ಲೋ ಸರಿದು ಹೋಯಿತು. ಇಷ್ಟು ಚೆನ್ನಾಗಿರುವುದನ್ನು ಕೆಡಿಸುವುದೇ? ಮನಸ್ಸು ಬರಲಿಲ್ಲ. ಪದ್ಧತಿ ಬಿಟ್ಟದ್ದು, ಸಾಲು ಹಿಂದುಮುಂದಾದದ್ದು, ಎಲ್ಲವನ್ನೂ ಬರೆದು ಲಾಗ್ ಸಮೇತ ಕಳಿಸಿದೆ. ಹೋಟೆಲಿನ ಕುರ್ಚಿ ಕಣ್ಣೆದುರು ಬಂತು, ಅಳುವೂ ಬಂತು.

ಸಂಜೆ ಹಿರಿಯರ ಫೋನ್. "ಬೆಳಿಗ್ಗೆ ನೀನು ಎಂಟರ್ ಒತ್ತಿದಾಗಲೇ ನೋಡಿದ್ದೆ ಕಣಮ್ಮ. ಆ ಸರ್ವರ್‌ನ ಲಾಗ್ ಆಗಿಂದಾಗ್ಲೇ ನನ್ನ ಕಡೆಗೂ ಒಂದು ಪ್ರತಿ ಬರುತ್ತೆ. ನೀನು ಮುಚ್ಚಿದ್ದು ಒಳಗೆ ಬರೋ ಬಾಗಿಲು ತಾನೆ, ಹೊರಗೆ ಹೋಗೋದು ತೆರೆದೇ ಇತ್ತು."

ನನಗೆ ಉರಿದುಹೋಯಿತು. "ಹಾಗಾದ್ರೆ ಇಷ್ಟು ಹೊತ್ತು ನನ್ನ ಪರೀಕ್ಷೆ ಮಾಡ್ತಿದ್ರಾ ಸರ್?"

"ಇಲ್ಲಮ್ಮ. ಎಲ್ಲರ ಲಾಗ್ ಪ್ರತೀನೂ ಇನ್ನೊಬ್ಬರ ಹತ್ತಿರ ಹೋಗುತ್ತೆ. ನಂದೂ ಹೋಗುತ್ತೆ. ಎರಡೂ ಪ್ರತಿ ತಾಳೆ ನೋಡಿದೆ, ಒಂದಕ್ಷರ ಕಮ್ಮಿ ಇಲ್ಲ." ಕಾಫಿ ಹೀರಿದ ಸದ್ದು ಕೇಳಿಸಿತು. "ಸೋಮವಾರದಿಂದ ಮಾನೇಸರ್ ಸರ್ವರ್ ನಿನ್ನದು. ರೂಟ್ ಪಾಸ್‌ವರ್ಡ್ ಬದಲಾಯಿಸಿಕೋ. ನನಗೂ ಹೇಳಬೇಡ."